ಇಟಗಿಯ ಹತ್ತಿಬಂಡಿ ಮತ್ತು ‘ಎಂಡೆನ್’ ನೌಕೆಯ ಕಪ್ತಾನ

ನಮ್ಮ ಮನೆಯಲ್ಲಿ ಬಹುಕಾಲ ‘ಎಂಡನ್’ ಎಂಬ ಮಾತೊಂದು ಬಳಕೆಯಲ್ಲಿತ್ತು. ಗಡಿಗೆ ಒಡೆದ ಹುಡುಗನಿಗೆ, ಕಣಕ್ಕೆ ನುಗ್ಗಿದ ಹೋರಿಗೆ, ರಾಶಿಯ ಹೊತ್ತಿಗೆ ಸುರಿದ ಅಕಾಲದ ಮಳೆಗೆ ಅಜ್ಜ ಇಡುತ್ತಿದ್ದ ಹೆಸರು ಅದು. “ಬಂತ ನೋಡ ಎಂಡನ್” ಎಂದರೆ ಮುಗಿಯಿತು. ಎದುರಿಗಿರುವುದು ಕೈಗೆ ಸಿಗದ, ಹೇಳದೆ ಕೇಳದೆ ಬಂದು ಕೆಡಿಸಿ ಹೋಗುವ ವಸ್ತು ಎಂದು ಅರ್ಥ. ಬಿ.ಎ. ಓದುವಾಗ ನಾನು ಈ ಶಬ್ದವನ್ನು ಕಿಟೆಲ್ ಕೋಶದಲ್ಲಿ ಹುಡುಕಿದ್ದೆ. ಸಿಗಲಿಲ್ಲ. 1894ರಲ್ಲಿ ಅಚ್ಚಾದ ಕೋಶದಲ್ಲಿ 1914ರ ಹಡಗೊಂದನ್ನು ಹುಡುಕಿದ ನನ್ನ ಜಾಣತನವನ್ನು ನೆನೆದರೆ ಈಗ ನಗೆ ಬರುತ್ತದೆ. ಆದರೆ ಆ ಹುಡುಕಾಟ ಪೂರ್ತಿ ದಿಕ್ಕು ತಪ್ಪಿದ್ದೂ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಇಟಗಿ. ಹಾಗೆಂದ ಕೂಡಲೇ ವಿದ್ವಾಂಸ ಮಿತ್ರರು ‘ದೇವಾಲಯ ಚಕ್ರವರ್ತಿ’ಯ ನೆನಪು ಮಾಡಿಕೊಂಡು, 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿಯ ಬಗ್ಗೆ ಮಾತು ತೆಗೆಯುತ್ತಾರೆ. ಅದು ಕೊಪ್ಪಳ ಜಿಲ್ಲೆಯ ಇಟಗಿ. ನಮ್ಮದು ರೋಣ ಸೀಮೆಯದು, ಭೀಮಾಂಬಿಕೆಯ ಇಟಗಿ. ಇಲ್ಲಿ ಇರುವುದು ಎರೆ ನೆಲ, ಜೋಳ, ಕಡಲೆ, ಹತ್ತಿ. ಸಮುದ್ರ ಇಲ್ಲಿಂದ ನೂರೈವತ್ತು ಕಿಲೋಮೀಟರಿಗೂ ಆಚೆ. ನಮ್ಮ ಅಜ್ಜ ಬದುಕಿನಲ್ಲಿ ಒಮ್ಮೆಯೂ ಸಮುದ್ರವನ್ನು ಕಂಡವರಲ್ಲ. ಹಾಗಿದ್ದೂ ಜರ್ಮನಿಯ ಯುದ್ಧನೌಕೆಯೊಂದು ನಮ್ಮ ಹೊಲವನ್ನು ನುಂಗಿತೆಂದು ಅವರು ಕೊನೆಯವರೆಗೂ ನಂಬಿದ್ದರು, ಅಥವಾ ನಂಬಿದಂತೆ ಹೇಳುತ್ತಿದ್ದರು.

ಕಥೆ ಹೀಗೆ. ಜರ್ಮನ್ ಲಡಾಯಿಯ ವರ್ಷ ಅಜ್ಜನಿಗೆ ಹದಿನಾಲ್ಕು. ಮನೆಯಲ್ಲಿ ಒಳ್ಳೆಯ ಹತ್ತಿ ಬಿದ್ದಿತ್ತು. ಚೌತಿಯ ಗಣಪನನ್ನು ಕಳಿಸಿ ಮರುದಿನ ಮುತ್ತಜ್ಜ ಮತ್ತು ಅಜ್ಜ ಎರಡು ಬಂಡಿ ಹೂಡಿಕೊಂಡು ಗದಗಿನ ಪೇಟೆಗೆ ಹೋದರು. ಅಡತಿ ಅಂಗಡಿಯಲ್ಲಿ ಅಂಡಿಗೆಗಳನ್ನು ಮುಟ್ಟಿ ನೋಡುವವರೇ ಇಲ್ಲ. ದಲಾಲ ಹೇಳಿದನಂತೆ: “ಸಮುದ್ರದಾಗ ಎಂಡನ್ ನಿಂತೈತಿ ಗೌಡ್ರ, ಹಡಗ ಹೋಗವಲ್ವು.” ಹೇಳಿದ ಧಾರಣಿಗೆ ಹತ್ತಿ ಸುರಿದು ಬಂದರು. ಬಂದ ಹಣ ಸಾವಕಾರನ ಬಡ್ಡಿಗೂ ಸಾಲಲಿಲ್ಲ. ಹಳ್ಳದ ದಂಡೆಯ ಒಂದು ಕೂರಿಗೆ ಹೊಲ, ಅಂದರೆ ನಾಲ್ಕು ಎಕರೆ, ಮರುವರ್ಷ ಕೈಬಿಟ್ಟಿತು.

ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೌಖಿಕ ಚರಿತ್ರೆಯ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಎಲ್ಲಿ ಸಿಕ್ಕೀತು? ಜಾಗತಿಕ ಯುದ್ಧ ಒಂದು ಹಳ್ಳಿಯ ಬಂಡಿಗೆ ಬಂದು ತಾಕಿದ ಬಗೆ! ಕಾಲೇಜಿನ ವಾರ್ಷಿಕ ಸಂಚಿಕೆಯೊಂದರಲ್ಲಿ ಲೇಖನವಾಗಿಯೂ ಬರೆದೆ. ಮೊನ್ನೆ ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಅದನ್ನು ಓದಿ, “ಸರ್, ಆ ಹಡಗು ನಿಖರವಾಗಿ ಯಾವ ತಾರೀಖಿಗೆ ನಮ್ಮ ಕಡೆ ಬಂತು?” ಎಂದು ಕೇಳಿದಳು. ಅವಳ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಕಾಲನಿರ್ಣಯ ಸಡಿಲವಾಗಿದೆ ಎಂದು ಹಿಂದಿನ ವಾರವಷ್ಟೇ ನಾನು ಗದರಿದ್ದೆ. ಉತ್ತರ ಕೊಡಲೇಬೇಕಾಯಿತು.

ಹೀಗೆ ನಾನು ಕಾರ್ಲ್ ಫಾನ್ ಮುಲ್ಲರನ ಬದುಕನ್ನು ಓದತೊಡಗಿದೆ. (ಹೆಸರು ಕೇಳಿ ಮ್ಯಾಕ್ಸ್ ಮುಲ್ಲರ್ ಎಂದುಕೊಂಡ ಸಹೋದ್ಯೋಗಿಗಳೂ ಇದ್ದಾರೆ, ಇಬ್ಬರಿಗೂ ಸಂಬಂಧವಿಲ್ಲ.) ಆತ ಹುಟ್ಟಿದ್ದು 1873ರ ಜೂನ್ 16ರಂದು, ಹ್ಯಾನೋವರಿನಲ್ಲಿ. ತಂದೆ ಪ್ರಷ್ಯದ ಭೂಸೈನ್ಯದ ಅಧಿಕಾರಿ. ಮಗ 1891ರಲ್ಲಿ ನೌಕಾದಳ ಸೇರಿದ. ತರಬೇತಿ ಹಡಗುಗಳು, ಹಳೆಯ ಉಕ್ಕಿನ ಕವಚದ ಯುದ್ಧನೌಕೆಗಳಲ್ಲಿ ಸಂಜ್ಞಾಧಿಕಾರಿಯ ಕೆಲಸ, ಆಮೇಲೆ ಜರ್ಮನ್ ಪೂರ್ವ ಆಫ್ರಿಕದ ಕರಾವಳಿಯಲ್ಲಿ ‘ಶ್ವಾಲ್ಬೆ’ ಎಂಬ ಸಣ್ಣ ನೌಕೆ. ಅಲ್ಲಿ ಹತ್ತಿದ ಮಲೇರಿಯ ಜೀವನಪರ್ಯಂತ ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ದಡದ ಮೇಲಿನ ಕಚೇರಿ, ಕೈಸರನ ತಮ್ಮ ರಾಜಕುಮಾರ ಹೈನ್‌ರಿಚನ ಪರಿವಾರದಲ್ಲಿ ಸೇವೆ, 1908ರ ನಂತರ ಬರ್ಲಿನ್ನಿನ ನೌಕಾ ಸಚಿವಾಲಯ. ಅಲ್ಲಿ ಜರ್ಮನ್ ನೌಕಾಬಲದ ಶಿಲ್ಪಿಯೆನಿಸಿದ ತಿರ್ಪಿಟ್ಸ್ ಈತನನ್ನು ಮೆಚ್ಚಿದ. ಇಪ್ಪತ್ತೆರಡು ವರ್ಷಗಳ ಈ ಸೇವೆಯಲ್ಲಿ ಕಥೆ ಹೇಳುವಂಥದ್ದು ಏನೂ ಇಲ್ಲ. 1913ರಲ್ಲಿ ‘ಎಂಡೆನ್’ ಎಂಬ ಲಘು ಯುದ್ಧನೌಕೆಯ ಅಧಿಕಾರ ಕೈಗೆ ಬಂದಾಗ ಆತನಿಗೆ ನಲವತ್ತು. ಚೀನದ ತ್ಸಿಂಗ್‌ತಾವ್ ಆಗ ಜರ್ಮನರ ನೌಕಾನೆಲೆ. ಹಡಗು ಇದ್ದದ್ದು ಅಲ್ಲಿ. ಯಾಂಗ್‌ಟ್ಸಿ ನದಿಯಲ್ಲಿ ದಂಗೆಕೋರರ ಕೋಟೆಗಳ ಮೇಲೆ ಗುಂಡು ಹಾರಿಸಿದ್ದಕ್ಕೆ ಒಂದು ಪದಕವೂ ಬಂತು. ವಸಾಹತುಶಾಹಿ ನೌಕಾದಳದ ನಿತ್ಯದ ಕೆಲಸವೆಂದರೆ ಅದೇ ಅಲ್ಲವೇ.

ಇಲ್ಲಿ ಕಿಟೆಲ್ಲರಿಗೆ ಮರಳುತ್ತೇನೆ. ಎಂಡೆನ್ ಎಂಬುದು ಜರ್ಮನಿಯ ವಾಯವ್ಯ ಕರಾವಳಿಯ ಒಂದು ಬಂದರು, ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯ ಮುಖ್ಯ ಪಟ್ಟಣ. ಹಡಗಿಗೆ ಹೆಸರು ಬಂದದ್ದು ಅದರಿಂದ. ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಇರುವುದೂ ಅದೇ ಸೀಮೆಯಲ್ಲಿ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿ, ನಮ್ಮ ಜೈನ ಲಾಕ್ಷಣಿಕರನ್ನು ನಮಗೇ ಮುದ್ರಿತ ರೂಪದಲ್ಲಿ ಕೊಟ್ಟವರ ಹುಟ್ಟುನಾಡಿನ ಹೆಸರು, ನಮ್ಮ ಮನೆಯಲ್ಲಿ ಬೈಗುಳವಾಗಿ ಉಳಿಯಿತು. ಕಿಟೆಲ್ 1903ರಲ್ಲೇ ತೀರಿಕೊಂಡರು. ಅವರು ದುಡಿದ ಬಾಸೆಲ್ ಮಿಶನ್ನು 1841ರಿಂದ ನಮ್ಮ ಗದಗಿನ ಬೆಟಗೇರಿಯಲ್ಲೂ ನೆಲೆಯೂರಿತ್ತು. ಯುದ್ಧ ಶುರುವಾದ ಮೇಲೆ ಅದರ ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ಹಿಡಿದು ಅಹ್ಮದ್‌ನಗರದ ಶಿಬಿರಕ್ಕೆ ಸಾಗಿಸಲಾಯಿತು. ಆಮೇಲೆ ದೇಶದಿಂದಲೇ ಹೊರಗೆ ಕಳಿಸಲಾಯಿತು. ಕನ್ನಡ ನಾಡಿಗೆ ಜರ್ಮನ್ ಯುದ್ಧ ನಿಜಕ್ಕೂ ಬಂದು ತಾಕಿದ ಜಾಗ ಇದು. ವಿಚಿತ್ರವೆಂದರೆ, ಇದರ ನೆನಪು ನಮ್ಮ ಮನೆಯಲ್ಲಿ ಒಂದಿಷ್ಟೂ ಇರಲಿಲ್ಲ.

ಈಗ ಆ ಮೂರು ತಿಂಗಳು. ಆಗಸ್ಟ್ ಮಧ್ಯದಲ್ಲಿ, ಶಾಂತಸಾಗರದ ಪೇಗನ್ ದ್ವೀಪದ ಬಳಿ, ದಂಡನಾಯಕ ಗ್ರಾಫ್ ಸ್ಪೇ ತನ್ನ ನೌಕಾಪಡೆಯೊಂದಿಗೆ ದಕ್ಷಿಣ ಅಮೆರಿಕದ ಕಡೆ ಹೊರಟ. ಎಂಡೆನ್ ಒಂದನ್ನೇ ಹಿಂದೂ ಮಹಾಸಾಗರಕ್ಕೆ ಬಿಡಬೇಕೆಂಬ ಸಲಹೆ ಮುಲ್ಲರನದು. ಮೂರು ಹೊಗೆಗೊಳವೆಯ ಹಡಗಿಗೆ ನಾಲ್ಕನೆಯದೊಂದು ಹುಸಿ ಗೊಳವೆ ಕಟ್ಟಿ, ಬ್ರಿಟಿಷರ ನೌಕೆಯಂತೆ ತೋರಿಸಿ, ಬಾಲಿಯ ಪಕ್ಕದ ಲೊಂಬೊಕ್ ಜಲಸಂಧಿಯ ಮೂಲಕ ಒಳಬಂದ. ಸೆಪ್ಟೆಂಬರ್ 10ರಂದು ಬಂಗಾಳ ಕೊಲ್ಲಿಯಲ್ಲಿ ‘ಇಂಡಸ್’ ಎಂಬ ಹಡಗು ಸಿಕ್ಕಿತು. ಅದು ಈ ಸಾಗರದಲ್ಲಿ ಆತ ಮುಳುಗಿಸಿದ ಮೊದಲ ಹಡಗು. ಅನಂತರ ಒಂದರ ಹಿಂದೊಂದು: ‘ಲೋವಾಟ್’, ‘ಕಿಲ್ಲಿನ್’, ‘ಡಿಪ್ಲೊಮ್ಯಾಟ್’, ‘ಟ್ರಾಬಾಕ್’. ಕಲಕತ್ತೆಯಿಂದ ಹೊರಡುವ ಹಡಗುಗಳ ಸಂಚಾರವೇ ಕೆಲಕಾಲ ನಿಂತಿತು. ಅಕ್ಟೋಬರಿನಲ್ಲಿ ಸಿಂಹಳವನ್ನು ಬಳಸಿ ಮಿನಿಕಾಯ್ ದ್ವೀಪದ ಸುತ್ತ ಬೇಟೆಯಾಡಿದ. ಕನ್ನಡ ಕರಾವಳಿಗೆ ಎಂಡೆನ್ ಅತಿ ಸಮೀಪ ಬಂದದ್ದೆಂದರೆ ಅಷ್ಟು. ಮಿನಿಕಾಯ್‌ಗೆ ಉತ್ತರದ ಅಮಿನಿದಿವಿ ದ್ವೀಪಗಳು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಈ ಬೇಟೆಯ ರೀತಿಯೇ ಮುಲ್ಲರನಿಗೆ ಹೆಸರು ತಂದದ್ದು. ವ್ಯಾಪಾರಿ ಹಡಗನ್ನು ತಡೆದು, ಅದರ ಜನರನ್ನೆಲ್ಲ ಇಳಿಸಿಕೊಂಡು, ಆಮೇಲಷ್ಟೇ ಮುಳುಗಿಸುವುದು. ‘ಕಬಿಂಗ’ ಎಂಬ ಹಡಗಿನಲ್ಲಿ ಕಪ್ತಾನನ ಹೆಂಡತಿ ಮತ್ತು ಪುಟ್ಟ ಮಗು ಇದ್ದರು, ಸರಕು ಯುದ್ಧದಲ್ಲಿಲ್ಲದ ಅಮೆರಿಕದವರದು. ಅದನ್ನು ಮುಳುಗಿಸದೆ, ಸೆರೆಯಾದವರನ್ನೆಲ್ಲ ಅದಕ್ಕೇ ಹತ್ತಿಸಿ ಬಿಟ್ಟುಕೊಟ್ಟ. ಇಪ್ಪತ್ತಕ್ಕೂ ಹೆಚ್ಚು ಹಡಗು ಹಿಡಿದವನನ್ನು ಶತ್ರುವಿನ ಪತ್ರಿಕೆಗಳೇ ಹೊಗಳಿದವು. ಶತ್ರುವಿನ ಹಿರಿಮೆಯನ್ನು ಹೇಳುವ ರೂಢಿ ನಮಗೆ ಹೊಸದಲ್ಲ, ರನ್ನನ ದುರ್ಯೋಧನನನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ನನ್ನ ಲೇಖನದಲ್ಲೂ ನಾನು ಅದನ್ನೇ ಮಾಡಿದ್ದೆ. ಹೊಲ ನುಂಗಿದವನನ್ನು ಉದಾತ್ತ ವೀರನನ್ನಾಗಿಸಿ, ಆ ಔದಾರ್ಯದಿಂದ ನಾನೇ ಸಂತೋಷಪಟ್ಟಿದ್ದೆ.

ಕೆಲವು ವರ್ಷಗಳ ಹಿಂದೆ ವಿಚಾರಸಂಕಿರಣಕ್ಕೆಂದು ಚೆನ್ನೈಗೆ ಹೋದಾಗ ಹೈಕೋರ್ಟಿನ ಆವರಣದ ಗೋಡೆಯಲ್ಲಿರುವ ಫಲಕವನ್ನು ನೋಡಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಎಂಡೆನ್ ಸಿಡಿಸಿದ ಗುಂಡು ಬಿದ್ದ ಜಾಗ ಅದು. ಸುಮಾರು ಒಂಬತ್ತೂವರೆಗೆ ಬಂದ ಹಡಗು ಅರ್ಧ ಗಂಟೆಯೊಳಗೆ ನೂರಿಪ್ಪತ್ತೈದಕ್ಕೂ ಹೆಚ್ಚು ಗುಂಡು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿ ಹೋಯಿತು. ಸತ್ತವರು ಐದು ಮಂದಿಯಾದರೂ ಇದ್ದರು. ಸಾವಿರಾರು ಜನ ನಗರ ಬಿಟ್ಟು ಓಡಿದರು. ತಮಿಳಿನಲ್ಲಿ ‘ಎಂಡನ್’ ಎಂದರೆ ಗಟ್ಟಿಗ, ಮಹಾ ಚಾಲಾಕಿ ಎಂಬ ಅರ್ಥ ನಿಂತಿತು. ಅಲ್ಲಿಯ ಶಬ್ದದಲ್ಲಿ ಒಂದು ಬಗೆಯ ಮೆಚ್ಚುಗೆಯಿದೆ, ನಮ್ಮ ಅಜ್ಜನ ಶಬ್ದದಲ್ಲಿ ಅದು ಇರಲಿಲ್ಲ. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಚೆಂಪಕರಾಮನ್ ಪಿಳ್ಳೈ ಆ ಹಡಗಿನಲ್ಲೇ ಇದ್ದನೆಂಬ ಕಥೆಯನ್ನೂ ಅಲ್ಲಿ ಕೇಳಿದೆ. ಅದಕ್ಕೆ ಆಧಾರವಿಲ್ಲ, ಆತ ಆಗ ಯುರೋಪಿನಲ್ಲಿದ್ದ. ಆಧಾರವಿಲ್ಲದ ಕಥೆಯನ್ನು ಆ ಜನ ಎಷ್ಟು ಪ್ರೀತಿಯಿಂದ ಹೇಳುತ್ತಾರಲ್ಲ ಎಂದು ನಾನು ಒಳಗೊಳಗೇ ಮುಗುಳ್ನಕ್ಕದ್ದು ಈಗ ನೆನಪಾಗುತ್ತದೆ.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಹುಡುಕಲು ನಾನು ಬಳಸಿದ್ದು ಶಾಸನಪಾಠದ ಹಳೆಯ ಉಪಾಯವನ್ನೇ. ತೇದಿಯಿಲ್ಲದ ಕಡೆ ತಿಥಿ ಹಿಡಿ, ತಿಥಿಗೆ ಗ್ರಹಣ ಹಿಡಿ. ಅಜ್ಜ ತಾರೀಖು ಹೇಳಿರಲಿಲ್ಲ, ಚೌತಿ ಎಂದಿದ್ದರು. 1914ರ ಆಗಸ್ಟ್ 21ರಂದು ಸೂರ್ಯಗ್ರಹಣ. ಎಂದರೆ ಅಂದು ಅಮಾವಾಸ್ಯೆ, ಶ್ರಾವಣದ ಕೊನೆ. ಅಲ್ಲಿಂದ ನಾಲ್ಕನೆಯ ದಿನ ಚೌತಿ. ಬಂಡಿ ಹೂಡಿದ್ದು ಆಗಸ್ಟ್ ಕೊನೆಯ ವಾರದಲ್ಲಿ. ಆ ವಾರ ಎಂಡೆನ್ ಇನ್ನೂ ಬಾಲಿಯ ಆಸುಪಾಸಿನಲ್ಲಿತ್ತು. ಅದರ ಹೆಸರು ಹಿಂದುಸ್ತಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗದಗಿನ ದಲಾಲನಿಗಂತೂ ಸಾಧ್ಯವೇ ಇಲ್ಲ.

ಹಾಗಾದರೆ ಧಾರಣಿ ಬಿದ್ದದ್ದೇಕೆ? ಅದಕ್ಕೆ ಹಡಗೇ ಬೇಕಿರಲಿಲ್ಲ. ನಮ್ಮ ಕಡೆಯ ಗಿಡ್ಡ ಎಳೆಯ ಹತ್ತಿಯನ್ನು ಲ್ಯಾಂಕಶೈರಿನ ಗಿರಣಿಗಳು ಹೆಚ್ಚು ಬಯಸುತ್ತಿರಲಿಲ್ಲ. ಅದನ್ನು ಕೊಳ್ಳುತ್ತಿದ್ದವರು ಜಪಾನ್, ಜರ್ಮನಿ, ಆಸ್ಟ್ರಿಯ, ಬೆಲ್ಜಿಯಂ, ಇಟಲಿ. ಆಗಸ್ಟ್ ಮೊದಲ ವಾರದಲ್ಲಿ ಯುದ್ಧ ಸಾರಿದ ಗಳಿಗೆಯಲ್ಲೇ ಜರ್ಮನಿ, ಆಸ್ಟ್ರಿಯಗಳ ಪೇಟೆ ಮುಚ್ಚಿತು, ಬೆಲ್ಜಿಯಂ ರಣಭೂಮಿಯಾಯಿತು. ಮುಂಬಯಿಯಲ್ಲಿ ಕೊಳ್ಳುವವರಿಲ್ಲದಾಗ ಗದಗಿನಲ್ಲಿ ಕೊಳ್ಳುವವರೆಲ್ಲಿ? ಜರ್ಮನರು ನಮ್ಮ ಹತ್ತಿಯನ್ನು ತಡೆದದ್ದಲ್ಲ. ಜರ್ಮನರು ಕೊಳ್ಳಲಾಗದೆ ಹೋದದ್ದರಿಂದ ಅದು ಬಿದ್ದುಕೊಂಡಿತು. ಇಷ್ಟು ಸರಳ ಸಂಗತಿಯನ್ನು ನಾನು ಮೂವತ್ತು ವರ್ಷ ನೋಡಲಿಲ್ಲ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಇನ್ನೊಂದು ಪ್ರಶ್ನೆ ಎದ್ದಿತು. ನಮ್ಮಲ್ಲಿ ಹತ್ತಿ ಬಿಡಿಸುವುದು ಮಾಘ, ಫಾಲ್ಗುಣಗಳಲ್ಲಿ. ಯುಗಾದಿಯ ಹೊತ್ತಿಗೆ ಪೇಟೆಗೆ ಹೋಗುವ ಮಾಲು ಭಾದ್ರಪದದವರೆಗೆ ಮನೆಯಲ್ಲಿ ಏಕೆ ಕುಳಿತಿತ್ತು?

ಉತ್ತರ ನನ್ನ ಬಳಿಯೇ ಇತ್ತು. 1992ರ ಸುಮಾರಿಗೆ, ನಾನು ಪಿಎಚ್.ಡಿ. ಮಾಡುತ್ತಿದ್ದಾಗ, ಭೀಮವ್ವನ ಜಾತ್ರೆಗೆ ಊರಿಗೆ ಹೋಗಿದ್ದೆ. ಅಜ್ಜ ತೀರಿ ಎಂಟು ವರ್ಷವಾಗಿತ್ತು. ಅಜ್ಜನ ತಂಗಿ, ಎಂಬತ್ತು ದಾಟಿದ ಮುದುಕಿ, ಜಾತ್ರೆಗೆಂದು ತವರಿಗೆ ಬಂದಿದ್ದರು. ನಾನು ಉತ್ಸಾಹದಿಂದ ಎಂಡನ್ ಹಡಗಿನ ಕಥೆ ಕೆದಕಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತ, “ಯಾ ಹಡಗಾ ತಮ್ಮಾ?” ಎಂದರು. “ಯುಗಾದಿ ಮುಂದ ಮಾರಿಬಿಡ್ರಿ, ಸಾವಕಾರನ ಬಾಯಿ ಮುಚ್ಚಿಸ್ರಿ ಅಂತ ನಮ್ಮವ್ವ ಬಡಕೊಂಡ್ಲು. ಪಂಚಮಿ ತನಕ ಇಟ್ರ ಧಾರಣಿ ಏರತೈತಿ ಅಂತ ನಮ್ಮಪ್ಪ ಕೇಳಲಿಲ್ಲ. ಹೊಲ ಹೋದ ಮ್ಯಾಲೆ ಅಂವ ಯಾರ ಮುಂದೂ ಮಾರಿ ಎತ್ತಲಿಲ್ಲ. ನಮ್ಮಣ್ಣಗ ಅಪ್ಪನ ಮ್ಯಾಲೆ ಭಾಳ ಜೀವ. ಅದಕ್ಕ ಹಡಗಿನ ಹೆಸರು ಹೇಳ್ತಿದ್ದ.”

ನಾನು ಅದನ್ನು ಬರೆದುಕೊಳ್ಳಲಿಲ್ಲ. ಮುದುಕಿಯ ನೆನಪು ಮಸುಕಾಗಿದೆ ಎಂದುಕೊಂಡೆ. ಹೆಂಗಸರ ನೆನಪನ್ನು ಚರಿತ್ರೆ ಕಡೆಗಣಿಸಿದೆ ಎಂದು ಅದೇ ವರ್ಷ ಒಂದು ಪ್ರಬಂಧವನ್ನೂ ಮಂಡಿಸಿದ್ದೆ! ಜಾಗತಿಕ ಯುದ್ಧದ ಕಥೆ ಬಿಟ್ಟು, ಗಂಡ ಹೆಂಡತಿಯ ಮಾತು ಕೇಳದ ಕಥೆ ಯಾರಿಗೆ ಬೇಕಿತ್ತು? ನನಗಂತೂ ಬೇಕಿರಲಿಲ್ಲ.

ಹದಿನಾಲ್ಕರ ಹುಡುಗ ಆ ಚೌತಿಯ ನಂತರ ಎರಡು ತಿಂಗಳಲ್ಲಿ ಪೇಟೆಯವರ ಬಾಯಲ್ಲಿ ಎಂಡೆನ್ ಹೆಸರು ಕೇಳಿರಬೇಕು. ತಂದೆಗೆ ತಲೆಯೆತ್ತಲು ಒಂದು ಆಸರೆ ಅದರಲ್ಲಿ ಅವನಿಗೆ ಕಂಡಿತು. ಸುಳ್ಳು ಹೇಳಿದ ಎನ್ನಲಾರೆ. ಎರಡು ನಿಜಗಳ ನಡುವಣ ತಿಂಗಳನ್ನು ಅಳಿಸಿಹಾಕಿದ, ಅಷ್ಟೆ.

ಮುಲ್ಲರನ ಉಳಿದ ಬದುಕನ್ನು ಆಮೇಲೆ ಬೇರೆ ಮನಸ್ಸಿನಿಂದ ಓದಿದೆ. ಅಕ್ಟೋಬರ್ 28ರಂದು ಪಿನಾಂಗ್ ಬಂದರಿನಲ್ಲಿ ರಷ್ಯದ ‘ಝೆಮ್‌ಚುಗ್’ ನೌಕೆಯನ್ನು ಆತ ಮುಳುಗಿಸಿದಾಗ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಫ್ರೆಂಚರ ‘ಮೂಸ್ಕೆ’ಯನ್ನು ಮುಳುಗಿಸಿ, ನೀರಿನಲ್ಲಿದ್ದವರನ್ನು ನಿಂತು ಎತ್ತಿಕೊಂಡ. ಅವರಲ್ಲಿ ಸತ್ತವರನ್ನು ಸೈನಿಕ ಗೌರವದಿಂದ ಸಮುದ್ರಕ್ಕೆ ಒಪ್ಪಿಸಿದ. ನವೆಂಬರ್ 9ರಂದು ಕೋಕೋಸ್ ದ್ವೀಪದ ತಂತಿ ಕೇಂದ್ರವನ್ನು ಒಡೆಯಲು ಐವತ್ತು ಜನರನ್ನು ದಡಕ್ಕಿಳಿಸಿದ್ದಾಗ ಆಸ್ಟ್ರೇಲಿಯದ ‘ಸಿಡ್ನಿ’ ಬಂದಿತು. ಎಂಡೆನ್ನಿನ ಫಿರಂಗಿಗಳು ಅದಕ್ಕೆ ಸಾಟಿಯಲ್ಲ. ಹಡಗು ಪೂರ್ತಿ ಮುಳುಗದಿರಲೆಂದು ಮುಲ್ಲರ್ ಅದನ್ನು ಹವಳದ ದಂಡೆಗೆ ಏರಿಸಿದ. ಆದರೆ ಬಾವುಟ ಇಳಿಸಿರಲಿಲ್ಲ. ಸಂಜೆ ಸಿಡ್ನಿ ಮರಳಿ ಬಂದು, ಬಾವುಟ ಇನ್ನೂ ಹಾರುತ್ತಿರುವುದನ್ನು ಕಂಡು ಮತ್ತೆ ಗುಂಡು ಹಾರಿಸಿತು. ಆ ಮೇಲಷ್ಟೇ ಅದು ಇಳಿಯಿತು. ಸತ್ತವರು ಒಟ್ಟು ನೂರಮೂವತ್ತಕ್ಕೂ ಹೆಚ್ಚು. ಆ ಸಂಜೆ ಸತ್ತವರೂ ಆ ಲೆಕ್ಕದಲ್ಲಿದ್ದಾರೆ. ಹೊಗಳುವವರು ಈ ಘಟನೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ದಡಕ್ಕಿಳಿದಿದ್ದ ಐವತ್ತು ಜನರ ನಾಯಕ ಹೆಲ್ಮುತ್ ಫಾನ್ ಮ್ಯೂಕೆ. ‘ಆಯೆಷಾ’ ಎಂಬ ಹಾಯಿಹಡಗು ಕಸಿದುಕೊಂಡು ಸುಮಾತ್ರಕ್ಕೆ, ಅಲ್ಲಿಂದ ಯೆಮೆನ್ನಿಗೆ, ಅರಬಸ್ತಾನದ ಮರಳು ದಾಟಿ 1915ರ ಮೇ ತಿಂಗಳಲ್ಲಿ ಇಸ್ತಾಂಬುಲ್ ತಲುಪಿದ. ಅದೇ ವರ್ಷ ಎರಡು ಪುಸ್ತಕ ಬರೆದ. ಲೋಕಕ್ಕೆ ಎಂಡೆನ್ನಿನ ಕಥೆ ಗೊತ್ತಾದದ್ದು ಬಹುಮಟ್ಟಿಗೆ ಆತನ ಲೇಖನಿಯಿಂದ. ಮುಲ್ಲರ್ ಮಾತ್ರ ಮಾಲ್ಟದಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ. 1917ರಲ್ಲಿ ಇಪ್ಪತ್ತೊಂದು ಜನರೊಂದಿಗೆ ಸುರಂಗ ತೋಡಿ ಪಾರಾದ, ಸಿಕ್ಕಿಬಿದ್ದ. ಮಲೇರಿಯ ಉಲ್ಬಣಿಸಿ ಹಾಲೆಂಡಿಗೆ, 1918ರ ಅಕ್ಟೋಬರಿನಲ್ಲಿ ತಾಯ್ನಾಡಿಗೆ. ಅತ್ಯುನ್ನತ ಸೈನಿಕ ಪದಕ ಬಂತು. 1919ರಲ್ಲಿ ನಿವೃತ್ತನಾದ, ಆತ ಸೇವೆ ಮಾಡಿದ ಸಾಮ್ರಾಜ್ಯವೇ ಆ ಹೊತ್ತಿಗೆ ಇರಲಿಲ್ಲ. ಬ್ರೌನ್‌ಶ್ವೈಗ್ ಪ್ರಾಂತ್ಯದ ಶಾಸನಸಭೆಗೆ ಆಯ್ಕೆಯಾಗಿದ್ದ. 1923ರ ಮಾರ್ಚ್ 11ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡ. ಆತ್ಮಕಥೆ ಬರೆಯಲು ಕೇಳಿದವರಿಗೆಲ್ಲ ಒಲ್ಲೆನೆಂದ. ಸತ್ತ ಸಂಗಡಿಗರ ರಕ್ತದಿಂದ ಹಣ ಮಾಡಿಕೊಂಡಂತಾದೀತೆಂಬ ಅಳುಕು ಅದಕ್ಕೆ ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ.

ಆಚೆಯ ಇಟಗಿಯ ದಂಡನಾಯಕ ತನ್ನ ಬಿರುದುಗಳನ್ನು ಕಲ್ಲಿನಲ್ಲಿ ಕೊರೆಯಿಸಿದ. ಅದು ಆ ಕಾಲದ ಸಹಜ ನಡೆ, ಆ ಶಾಸನವಿಲ್ಲದೆ ನಮ್ಮ ಪಾಠವೂ ನಡೆಯದು. ಆದರೆ ಹೇಳಬಹುದಾದದ್ದನ್ನು ಹೇಳದೆ ಹೋದ ಇಬ್ಬರು ಈಗ ನನ್ನನ್ನು ಕಾಡುತ್ತಾರೆ. ಒಬ್ಬ ಬ್ರೌನ್‌ಶ್ವೈಗಿನಲ್ಲಿ ಸತ್ತ ಕಪ್ತಾನ, ಇನ್ನೊಬ್ಬ ಹೊಲ ಹೋದ ಮೇಲೆ ಮುಖ ಎತ್ತದ ನನ್ನ ಮುತ್ತಜ್ಜ. ಇಬ್ಬರ ಪರವಾಗಿಯೂ ಬೇರೆಯವರು ಮಾತಾಡಿದರು, ಪ್ರೀತಿಯಿಂದಲೇ ಮಾತಾಡಿದರು. ಮುತ್ತಜ್ಜಿ “ಮಾರಿಬಿಡ್ರಿ” ಎಂದದ್ದನ್ನು ಮಾತ್ರ ಮಗಳೊಬ್ಬಳು ಎಪ್ಪತ್ತೆಂಟು ವರ್ಷ ಬಿಡದೆ ಇಟ್ಟುಕೊಂಡಿದ್ದಳು.

ವಿದ್ಯಾರ್ಥಿನಿಗೆ ತಾರೀಖುಗಳನ್ನು ಬರೆದುಕೊಟ್ಟೆ. ಅವಳು ಓದಿ, “ಹಾಗಾದರೆ ನಿಮ್ಮ ಲೇಖನವನ್ನು ನಾನು ಆಕರವಾಗಿ ಉಲ್ಲೇಖಿಸಬಹುದೇ ಸರ್?” ಎಂದಳು. ಬೇಡವೆಂದೆ. ಮನೆಯಲ್ಲಿರುವ ವಾರ್ಷಿಕ ಸಂಚಿಕೆಯ ಪ್ರತಿಯಲ್ಲಿ, ದಲಾಲನ ಮಾತಿನ ಪಕ್ಕದ ಅಂಚಿನಲ್ಲಿ, ಪೆನ್ಸಿಲಿನಿಂದ ‘ಆಗಸ್ಟ್ 21, ಅಮಾವಾಸ್ಯೆ’ ಎಂದು ಬರೆದಿಟ್ಟಿದ್ದೇನೆ. ಊರಿನಲ್ಲಿರುವ ನನ್ನ ಅವ್ವನಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ. ಹೋದ ದೀಪಾವಳಿಗೆ ಮೊಮ್ಮಗ ಹಿತ್ತಲಿನ ಹಂಡೆ ಉರುಳಿಸಿದಾಗ ಆಕೆ ಒಳಗಿನಿಂದಲೇ ಕೂಗಿದಳು, “ಬಂತ ನೋಡ ಎಂಡನ್!”